ಬಿಸಿಲು ಕೋಣೆಯ ಬೆಂಚಿನ ಮೇಲೆ ಕೂರುವ ಬಗ್ಗೆ

ಇಂದ,
ಸುವರ್ಣಮ್ಮ ಕೋಂ ಶಂಭುಲಿಂಗಯ್ಯ,
ವಯಸ್ಸು ಐವತ್ತಾರು, ಕಸುಬು ಮನೆಗೆಲಸ,
ಅಡುಗೆಮನೆ ಬಾಗಿಲ ಎಡಗಡೆ ಗೋಡೆ (ಕೂರಲು ಬೇರೆ ಜಾಗ ಇಲ್ಲದ ಕಾರಣ ಹಾಲಿ ನಿಲ್ಲುವ ವಿಳಾಸ),
ಹೊನ್ನವಳ್ಳಿ, ತಿಪಟೂರು ತಾಲ್ಲೂಕು.

ಗೆ,
ಶ್ರೀ ಶಂಭುಲಿಂಗಯ್ಯನವರು,
ನಿವೃತ್ತ ಹೆಡ್ ಕ್ಲಾರ್ಕ್ ಹಾಗೂ ಹಾಲಿ ಯಜಮಾನರು,
ಜಗುಲಿ ಮೇಲಿನ ಮೇಜು,
ಅದೇ ಮನೆ, ಹೊನ್ನವಳ್ಳಿ.

ದಿನಾಂಕ: 10 ಜನವರಿ 1983

ವಿಷಯ: ಮಂಡಿನೋವಿನ ಸಲುವಾಗಿ ಕಟ್ಟಿಸಿದ ಬಿಸಿಲು ಕೋಣೆಯಲ್ಲಿ, ಸದರಿ ಮಂಡಿಗಳ ಒಡತಿಗೆ ಕೂರಲು ಎರಡೂವರೆ ಅಡಿ ಜಾಗ ತೆರವು ಮಾಡಿಸಿಕೊಡುವ ಬಗ್ಗೆ.

ಉಲ್ಲೇಖ: 1. ತಿಪಟೂರಿನ ಡಾಕ್ಟರು ಬಾಯಲ್ಲಿ ಹೇಳಿದ್ದು, 1981ರ ಯುಗಾದಿ ಆದ ಮಾರನೇ ವಾರ.
2. ತಮ್ಮ ಮಂಜೂರಾತಿ, ಕ್ಯಾಲೆಂಡರ್ ಹಾಳೆಯ ಹಿಂಭಾಗ, ಷರತ್ತು ಸಮೇತ.
3. ಅರ್ಜಿದಾರಳು ಅಡುಗೆಮನೆಯಿಂದ ಕೂಗಿ ಹೇಳಿದ ಸುಮಾರು ಹದಿನಾರು ಮನವಿಗಳು, ಮತ್ತು ಅವಕ್ಕೆಲ್ಲ ತಾವು ದಯಪಾಲಿಸಿದ ಒಂದೇ ಉತ್ತರ: "ಏನಿದ್ರೂ ಕಾಗದದಲ್ಲಿ ಕೊಡು."

ಮಾನ್ಯರೇ,

ಮೇಲ್ಕಂಡ ಉಲ್ಲೇಖ ಮೂರರ ಆಜ್ಞೆಯಂತೆ ಕಾಗದದಲ್ಲಿ ಕೊಡಲು ತೀರ್ಮಾನಿಸಿದ ಅರ್ಜಿದಾರಳು, ಈ ದಿನ ಎಂಟೂಕಾಲಿನ ಬಸ್ಸಿಗೆ ತಿಪಟೂರಿಗೆ ಬಂದು, ತಾಲ್ಲೂಕು ಕಚೇರಿ ಎದುರಿನ ಹೊಂಗೆ ಮರದ ಕೆಳಗೆ ಮೂವತ್ತೊಂದು ವರ್ಷದಿಂದ ಅರ್ಜಿ ಬರೆದುಕೊಂಡಿರುವ ಏಕಾಂತಯ್ಯನ ಮುಂದೆ ನಿಂತಳು. ಏಕಾಂತಯ್ಯ ತನ್ನ ತಗಡಿನ ಪೆಟ್ಟಿಗೆ ಒರೆಸಿ "ಕೂತ್ಕಳಿ ತಾಯಿ" ಅಂದ. ಅರ್ಜಿದಾರಳು "ಬ್ಯಾಡ ಕಣಪ್ಪ, ಕೂತರೆ ಎದ್ದೇಳೋಕಾಗಲ್ಲ, ಅದಕ್ಕೇ ಬಂದಿರೋದು" ಅಂದಳು. ಅರ್ಜಿ ಯಾರಿಗೆ ಎಂದು ಕೇಳಿ ತಿಳಿದ ಮೇಲೆ ಏಕಾಂತಯ್ಯ ಪೆನ್ನು ಕೆಳಗಿಟ್ಟು, ಮೊದಲು ಬೆರಳಿಟ್ಟು ಹಾಳೆಯ ಅಂಚು ಅಳೆದ ಎಂಬುದನ್ನೂ ಇಲ್ಲಿ ನಮೂದಿಸುವುದು ನ್ಯಾಯ. ಏಕೆಂದರೆ ತಾವು ಹೆಡ್ ಕ್ಲಾರ್ಕ್ ಆಗಿದ್ದ ಕಾಲದಲ್ಲಿ, ಅಂಚು ಬಿಟ್ಟಿಲ್ಲ, ಶಾಯಿ ಹಸಿರು, ಹೊಡೆದು ತಿದ್ದಿದೆ ಎಂಬ ಕಾರಣಗಳಿಂದ ಇದೇ ಏಕಾಂತಯ್ಯನ ಅರ್ಜಿಗಳನ್ನು ವಾಪಸ್ಸು ಕಳಿಸಿದ್ದಕ್ಕೆ ಲೆಕ್ಕವಿಲ್ಲ. ಆದ್ದರಿಂದ ಈ ಅರ್ಜಿಗೆ ನಾಲ್ಕು ಬೆರಳು ಅಂಚು ಬಿಟ್ಟಿದೆ. ಶಾಯಿ ನೀಲಿ. ಒಂದು ಅಕ್ಷರವನ್ನೂ ಹೊಡೆದುಹಾಕುವುದಿಲ್ಲ. ಅರ್ಜಿದಾರಳು ಹೇಳಿದ್ದನ್ನು ಹೇಳಿದ ಹಾಗೇ ಇಳಿಸಿದೆ.

ಪ್ರಕರಣದ ವಿವರ ಈ ಕೆಳಕಂಡಂತಿದೆ.

1. ಅರ್ಜಿದಾರಳು ತಮ್ಮ ಮನೆಗೆ ಸೊಸೆಯಾಗಿ ಬಂದು ನಲವತ್ತೊಂದು ವರ್ಷವಾಯಿತು. ಸದರಿ ಮನೆಯಲ್ಲಿ ಅಟ್ಟ ಕಾಯಿಯದು, ನಡುಮನೆಯ ಮೂಲೆ ಕಾಯಿಯದು, ಹಿತ್ತಿಲ ಕೊಟ್ಟಿಗೆಯಲ್ಲಿ ಅರ್ಧ ದನದ್ದು, ಅರ್ಧ ಕಾಯಿಯದು. ಇದರ ಬಗ್ಗೆ ಅರ್ಜಿದಾರಳ ತಕರಾರು ಇಲ್ಲ. ತೆಂಗಿನ ಸೀಮೆಯಲ್ಲಿ ಹುಟ್ಟಿದವಳಿಗೆ ತೆಂಗಿನಕಾಯಿಯ ಮೇಲೆ ಎಂಥ ತಕರಾರು? ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದಲ್ಲಿ ಎತ್ತಿಟ್ಟು, ಒಳಗಿನ ನೀರು ತಾನಾಗಿ ಆರಿ, ಕೊಬ್ಬರಿ ಗಿಟುಕಾಗಿ ಚಿಪ್ಪು ಬಿಡಲು ಹನ್ನೊಂದು ತಿಂಗಳು ಬೇಕು. ಅಲ್ಲಿಯವರೆಗೆ ಒಂದು ಕಾಯಿಯನ್ನೂ ಕದಲಿಸಬಾರದು ಎಂಬುದು ಈ ಮನೆಯ ಕಾನೂನು. ತಮ್ಮ ತಾಯಿ, ಕೈಲಾಸವಾಸಿ ಸಿದ್ದಗಂಗಮ್ಮನವರು ಮಾಡಿದ ಈ ಕಾನೂನನ್ನು ಅರ್ಜಿದಾರಳು ಇಷ್ಟು ವರ್ಷ ಮುರಿದಿಲ್ಲ. ಆದರೆ ಎಲ್ಲ ಜಾಗವೂ ಕಾಯಿಗೆ ಹೋದ ಕಾರಣ, ಅರ್ಜಿದಾರಳು ನೆಲದ ಮೇಲೆ, ಒರಳುಕಲ್ಲಿನ ಪಕ್ಕ, ಮಣೆಯ ಮೇಲೆ ಕೂತು ಕಾಲ ಹಾಕಿದಳು. ಮಂಡಿ ಒಪ್ಪುವ ತನಕ ನಡೆಯಿತು. ಆಮೇಲೆ ಮಂಡಿ ಒಪ್ಪಲಿಲ್ಲ.

2. ಆ ಕಾರಣ ತಿಪಟೂರಿನ ಡಾಕ್ಟರಲ್ಲಿಗೆ ಹೋಗಲಾಗಿ, ಅವರು ದಿನಾ ಬೆಳಿಗ್ಗೆ ಒಂದು ಗಂಟೆ ಎಳೆಬಿಸಿಲಿಗೆ ಕಾಲು ಚಾಚಿಕೊಂಡು, ಬೆನ್ನಿಗೆ ಆನಿಕೆ ಇಟ್ಟುಕೊಂಡು ಕೂರಬೇಕೆಂದೂ, ನೆಲದ ಮೇಲೆ ಕೂರಲೇಬಾರದೆಂದೂ ಹೇಳಿದರು. ಜಗುಲಿಯ ಮೇಲೆ ಬಿಸಿಲು ಬರುವುದಾದರೂ ಅದು ಬೀದಿಗೆ ಮುಖ, ಅಲ್ಲದೆ ಅಲ್ಲಿ ತಮ್ಮ ಮೇಜು ಇದೆ. ಹಿತ್ತಿಲಲ್ಲಿ ಧನುರ್ಮಾಸದ ಗಾಳಿ ಎಲುಬಿಗೇ ನಾಟುತ್ತದೆ. ಆದ್ದರಿಂದ ಹಿತ್ತಿಲಿಗೆ ಹೊಂದಿಕೊಂಡಂತೆ ಪೂರ್ವಕ್ಕೆ ಗಾಜಿನ ಕಿಟಕಿ, ಮೇಲೆ ಅಲ್ಲಲ್ಲಿ ಗಾಜಿನ ಹೆಂಚು ಇರುವ ಒಂದು ಕೋಣೆ ಕಟ್ಟಿಸಬೇಕೆಂದು ತುರುವೇಕೆರೆಯಲ್ಲಿರುವ ತಮ್ಮ ಮಗಳು ಸರ್ವಮಂಗಳ ಸೂಚಿಸಿದಳು. ತಾವು ಮಂಜೂರು ಮಾಡಿದಿರಿ. ಷರತ್ತು ಒಂದೇ: ಪಕ್ಕದಲ್ಲೇ ತೆಂಗಿನ ಸಿಪ್ಪೆಯ ರಾಶಿ ಇರುವ ಕಾರಣ ಸದರಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯಾಗಲಿ, ಬೇರೆ ಯಾವುದೇ ಬೆಂಕಿಯಾಗಲಿ ಇಡತಕ್ಕದ್ದಲ್ಲ. ಅರ್ಜಿದಾರಳು ಒಪ್ಪಿದಳು. ಬಿಸಿಲು ಬಂದರೆ ಬೆಚ್ಚಗೆ, ಬರದಿದ್ದರೆ ಶಾಲು. ಕೋಣೆ ಆ ವರ್ಷ ದೀಪಾವಳಿಯ ಹೊತ್ತಿಗೆ ಮುಗಿಯಿತು.

3. ಈಗ ಆ ಕೋಣೆಯಲ್ಲಿ ಕೂರುವುದು ಯಾವುದರ ಮೇಲೆ ಎಂಬ ಪ್ರಶ್ನೆ ಬಂತು. ಮೆತ್ತಗಿರಬೇಕು, ಬಾಳಿಕೆ ಬರಬೇಕು, ಬೆಳಗಿನ ಥಂಡಿಗೂ ಮಧ್ಯಾಹ್ನದ ಬಿಸಿಲಿಗೂ ಜಗ್ಗಬಾರದು ಎಂದು ತಾವು ಒಂದು ಹಾಳೆಯಲ್ಲಿ ಮೂರು ಕಲಂ ಎಳೆದು ಬರೆದಿರಿ. ಈ ಬಗ್ಗೆ ನಡೆದ ಪ್ರಯೋಗಗಳಲ್ಲಿ ಕೂತದ್ದು ಅರ್ಜಿದಾರಳು, ಟಿಪ್ಪಣಿ ಬರೆದದ್ದು ತಾವು.

(ಅ) ಕಬ್ಬಿಣದ ಮಡಚು ಕುರ್ಚಿ. ತಾವು ನಿವೃತ್ತರಾದಾಗ ಕಚೇರಿಯವರು ಪ್ರೀತಿಯಿಂದ ಕೊಟ್ಟದ್ದು. ಹಿಂದೆ ಬಿಳಿ ಬಣ್ಣದಲ್ಲಿ ತಮ್ಮ ಹೆಸರಿದೆ. ಸದರಿ ಕುರ್ಚಿ ಬೆಳಿಗ್ಗೆ ಏಳಕ್ಕೆ ಕೂತರೆ ಬಾವಿ ನೀರಿನಷ್ಟು ತಣ್ಣಗಿತ್ತು. ಹನ್ನೊಂದಕ್ಕೆ ಕೂತರೆ ರೊಟ್ಟಿ ಬೇಯಿಸಬಹುದಿತ್ತು. ನಡುವೆ ಸುಮಾರು ಇಪ್ಪತ್ತು ನಿಮಿಷ ಚೆನ್ನಾಗಿತ್ತು. ಆ ಇಪ್ಪತ್ತು ನಿಮಿಷ ಯಾವಾಗ ಬರುತ್ತದೆಂದು ಅರ್ಜಿದಾರಳು ಆಗಾಗ ಕುರ್ಚಿ ಮುಟ್ಟಿ ನೋಡುತ್ತ ನಿಂತೇ ಇರಬೇಕಾಯಿತು.

(ಆ) ರೆಕ್ಸಿನ್ ಸೋಫಾ. ನೋಡಲು ಭಾರೀ ಚೆಂದ, ಕೆಂಪು ಬಣ್ಣ, ಕೂತರೆ ಒಂದು ಗೇಣು ಒಳಗೆ ಹೋಗುತ್ತಿತ್ತು. ಬಿಸಿಲೇರಿದ ಹಾಗೆ ಸೀರೆ ಅದಕ್ಕೆ ಅಂಟಿಕೊಂಡು, ಏಳುವಾಗ ಟಾರು ಕಿತ್ತ ಸದ್ದು ಬರುತ್ತಿತ್ತು. ಪಕ್ಕದ ಮನೆಯ ಗಂಗಕ್ಕ ಗೋಡೆಯ ಆಚೆಯಿಂದ "ಏನ್ ಹರೀತೇ ಸುವರ್ಣ?" ಎಂದು ಕೇಳಿದಳು. ಅದನ್ನೂ ಸಹಿಸಬಹುದಿತ್ತು. ಆದರೆ ಮೂರನೇ ವಾರ ಅಟ್ಟದ ಇಲಿಗಳು ಕೆಳಗಿಳಿದು ಬಂದವು. ವರ್ಷವಿಡೀ ಕೊಬ್ಬರಿ ತಿಂದು ಬೆಳೆದ ಇಲಿಗಳಾದ್ದರಿಂದ ಅವು ಸಣ್ಣವೇನಲ್ಲ. ಸೋಫಾದ ಹೊಟ್ಟೆ ಬಗೆದು, ಸ್ಪಂಜು ಕಿತ್ತು, ಒಳಗೆ ಸಂಸಾರ ಹೂಡಿದವು. ಅರ್ಜಿದಾರಳು ಕೂತಾಗ ಕೆಳಗೆ ಮರಿಗಳು ಚೀ ಎಂದವು. ಸೋಫಾ ಅದೇ ಸಂಜೆ ಗಾಡಿ ಏರಿತು.

(ಇ) ಬಟ್ಟೆಯ ಆರಾಮ ಕುರ್ಚಿ. ಇದರಲ್ಲಿ ಕೂರುವುದು ಸುಲಭ, ಏಳುವುದು ಮನುಷ್ಯಮಾತ್ರರಿಂದ ಆಗದು. ತಾವು ತೋಟಕ್ಕೆ ಹೋಗಿದ್ದಾಗ ಅರ್ಜಿದಾರಳು ಹತ್ತು ಗಂಟೆಗೆ ಕೂತವಳು ಎದ್ದದ್ದು ಒಂದು ಗಂಟೆಗೆ, ಗಂಗಕ್ಕ ಮತ್ತು ಹಾಲು ಹಾಕಲು ಬಂದವನು ಸೇರಿ ಎತ್ತಿದ ಮೇಲೆ. ಅಷ್ಟರಲ್ಲಿ ಒಲೆಯ ಮೇಲಿನ ಹುರುಳಿಕಾಳು ಸೀದು ಇದ್ದಿಲಾಗಿತ್ತು. ತಾವು ಟಿಪ್ಪಣಿಯಲ್ಲಿ "ಆರಾಮ: ಉತ್ತಮ" ಎಂದು ಬರೆದಿರಿ. ಅರ್ಜಿದಾರಳಿಗೆ ಅವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

4. ಹೀಗೆ ಒಂದು ಚಳಿಗಾಲ ಕಳೆಯಿತು. ಮಳೆಗಾಲ ಶುರುವಾದಾಗ ಬಡಗಿ ಕೆಂಚಯ್ಯನನ್ನು ಕರೆಸಲಾಯಿತು. ಈತ ಸುತ್ತಮುತ್ತಲ ಊರುಗಳಲ್ಲಿ ಕಾಯಿ ಅಟ್ಟ ಕಟ್ಟುವುದರಲ್ಲಿ ಎತ್ತಿದ ಕೈ. ತೊಂದರೆ ಏನೆಂದರೆ, ಆತ ಜನ್ಮದಲ್ಲಿ ಕಟ್ಟಿರುವುದು ಅಟ್ಟ ಮಾತ್ರ. ತಮ್ಮ ತೋಟದಲ್ಲೇ ಬಿದ್ದಿದ್ದ ಹಳೆಯ ತೆಂಗಿನ ಮರ ಕೊಯ್ಸಿ, ಎಂಟು ಅಡಿ ಉದ್ದ ಎರಡೂವರೆ ಅಡಿ ಅಗಲದ ಬೆಂಚು ಮಾಡು ಎಂದರೆ, ಆತ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕೇಳಿದ ಮೊದಲ ಪ್ರಶ್ನೆ:

"ಎಷ್ಟ್ ಕಾಯಿ ಕೂರ್ಬೇಕವ್ವಾ?"

"ಕಾಯಲ್ಲ ಕಣಯ್ಯ, ನಾನು ಕೂರೋದು."

"ನೀವಾ? ನಿಮ್ ಜತೆ ಕಾಯಿ?"

"ಕಾಯಿಲ್ಲ ಕಣೋ ಮಾರಾಯ!"

"ಆಯ್ತು ಬುಡಿ," ಅಂದ ಕೆಂಚಯ್ಯ. ಆದರೆ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಪಟ್ಟಿಗೂ ಪಟ್ಟಿಗೂ ನಡುವೆ ಗಾಳಿ ಆಡಲು ಎರಡು ಬೆರಳು ಸಂದು ಬಿಟ್ಟ. ಮುಂದುಗಡೆ, ಕೂತದ್ದು ಉರುಳಿ ಬೀಳದಿರಲಿ ಎಂದು ನಾಲ್ಕು ಬೆರಳೆತ್ತರದ ತಡೆ ಹೊಡೆದ. "ನಾನೇನ್ ಉರುಳ್ತೀನೇನೋ?" ಎಂದು ಅರ್ಜಿದಾರಳು ಕೇಳಿದ ಮೇಲೆ ಅದನ್ನು ಎರಡು ಬೆರಳಿಗೆ ಇಳಿಸಿ, ಅಂಚು ದುಂಡಗೆ ಸವೆಸಿಕೊಟ್ಟ.

5. ಸತ್ಯವನ್ನು ಮುಚ್ಚಿಡದೆ ಅರಿಕೆ ಮಾಡುವುದಾದರೆ, ಸದರಿ ಬೆಂಚಿನಂಥ ಆಸನ ಅರ್ಜಿದಾರಳು ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ತೆಂಗಿನ ಮರ ಕಬ್ಬಿಣದ ಹಾಗೆ ಥಂಡಿ ಹಿಡಿಯುವುದಿಲ್ಲ, ಕಾಯುವುದೂ ಇಲ್ಲ. ಸಂದಿನಲ್ಲಿ ಗಾಳಿ ಆಡುವುದರಿಂದ ಬೆವರಿಲ್ಲ. ಇಲಿಗೆ ತಿನ್ನಲು ಏನೂ ಇಲ್ಲ. ಎತ್ತರ ಸರಿಯಾಗಿದ್ದು, ಅಂಗೈ ಊರಿದರೆ ಒಬ್ಬಳೇ ಏಳಬಹುದು. ಅರ್ಜಿದಾರಳು ಹಳೆಯ ಸೀರೆಗಳನ್ನೆಲ್ಲ ಸೇರಿಸಿ ಒಂದು ಕೌದಿ ಹೊಲಿದು ಅದರ ಮೇಲೆ ಹಾಸಿದಳು. ತನ್ನ ಮದುವೆಯ ಹಸಿರು ಸೀರೆಯ ಅಂಚೂ ಅದರಲ್ಲಿದೆ. ಒಂಬತ್ತು ದಿನ, ಸರಿಯಾಗಿ ಒಂಬತ್ತು ದಿನ, ಬೆಳಿಗ್ಗೆ ಕಾಲು ಚಾಚಿ ಕೂತು, ಗಾಜಿನ ಆಚೆ ಬಾಳೆಗಿಡದ ಮೇಲೆ ಅಳಿಲು ಓಡಾಡುವುದನ್ನು ನೋಡಿದಳು. ಈ ಮನೆಯಲ್ಲಿ ಏನೂ ಮಾಡದೆ ಸುಮ್ಮನೆ ಕೂತದ್ದು ಅದೇ ಮೊದಲು. "ಆಗ ನಂಗೆ ಅಳೂನೇ ಬಂದ್ಬುಡ್ತು ಕಣಪ್ಪ, ಖುಷಿಗೆ," ಎಂದು ಅರ್ಜಿದಾರಳು ಹೊಂಗೆ ಮರದ ಕೆಳಗೆ ಹೇಳಿದ್ದನ್ನು ಇದ್ದಂತೆ ಇಳಿಸಿದೆ.

6. ಹತ್ತನೇ ದಿನ, ಅಂದರೆ ಸೆಪ್ಟೆಂಬರ್ ಮೊದಲ ವಾರ, ಮಗಳು ಸರ್ವಮಂಗಳಳ ಎರಡನೆಯ ಹೆರಿಗೆಗೆಂದು ಅರ್ಜಿದಾರಳು ತುರುವೇಕೆರೆಗೆ ಹೋದಳು. ಇಪ್ಪತ್ತೆರಡು ದಿನ ಅಲ್ಲಿದ್ದು, ಮೊಮ್ಮಗಳಿಗೆ ಹೆಸರಿಟ್ಟು, ಹಿಂತಿರುಗಿ ಬಂದು ಬಿಸಿಲು ಕೋಣೆಯ ಬಾಗಿಲು ತೆರೆದರೆ ಬೆಂಚಿನ ಮೇಲೆ ನಲವತ್ತೆರಡು ತೆಂಗಿನಕಾಯಿಗಳು ಕೂತಿದ್ದವು. ಕೆಳಗೆ ಇನ್ನೂರಕ್ಕೂ ಹೆಚ್ಚು.

ಈ ಒತ್ತುವರಿಯ ಬಗ್ಗೆ ವಿಚಾರಿಸಲಾಗಿ ತಾವು ಹೇಳಿದ್ದು: "ಅಟ್ಟ ತುಂಬೋಯ್ತು ಕಣೇ. ಬೆಂಚು ಖಾಲಿ ಬಿದ್ದಿತ್ತು. ನೋಡಿದ್ರೆ ಅಟ್ಟದ ಹಂಗೇ ಐತೆ, ಸಂದು ಐತೆ, ತಡೆ ಐತೆ. ಇಟ್ಟೆ." ತೆಗೆಯಿರಿ ಎಂದಾಗ ಹೇಳಿದ್ದು: "ಎತ್ತಿಟ್ಟ ಕಾಯಿ ಕದಲಿಸೋದುಂಟಾ? ಅವ್ವನ ಮಾತು ಮರೆತ್ಯಾ? ಹನ್ನೊಂದು ತಿಂಗ್ಳು ತಡ್ಕೋ."

ಕಾನೂನು ಸರಿಯಾಗಿದೆ. ಅರ್ಜಿದಾರಳು ಕೋಣೆಯ ಬಾಗಿಲು ಎಳೆದುಕೊಂಡು ಅಡುಗೆಮನೆಗೆ ಹೋದಳು.

7. ಆದರೆ ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಅಟ್ಟದ ಕಾಯಿಗೆ ಬೇಕಾದದ್ದು ನೆರಳು. ನೇರ ಬಿಸಿಲು ಬಿದ್ದರೆ ಕಾಯಿ ಬಿರಿಯುತ್ತದೆ ಎಂಬುದು ತಮಗೆ ಎರಡು ದಿನದ ಮೇಲೆ ನೆನಪಾಯಿತು. ಕಾರಣ, ಪೂರ್ವದ ಗಾಜಿನ ಕಿಟಕಿಗಳಿಗೆಲ್ಲ ಗೋಣಿಚೀಲ ಹೊಡೆಸಿದಿರಿ. ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲಿಗೆ ತಡೆಯಾಗಿ, ಬೆಂಚಿನ ಮೇಲಿನ ಕಾಯಿಗಳಿಗೆ ಅರ್ಜಿದಾರಳ ಕೌದಿಯನ್ನು ಹೊದಿಸಿದಿರಿ.

ಅಂದರೆ, ಬಿಸಿಲಿಗಾಗಿ ಕಟ್ಟಿಸಿದ ಕೋಣೆಯಲ್ಲಿ ಬಿಸಿಲು ಬಾರದಂತೆ ವ್ಯವಸ್ಥೆಯಾಯಿತು. ಮಂಡಿನೋವು ಇರುವವಳು ಗೋಡೆಗೊರಗಿ ನಿಂತಿದ್ದಾಳೆ. ಯಾವ ನೋವೂ ಇಲ್ಲದ ನಲವತ್ತೆರಡು ಕಾಯಿಗಳು ಕೌದಿ ಹೊದ್ದು ಮಲಗಿವೆ. ಕೌದಿ ಕಂಡ ದಿನ ಅರ್ಜಿದಾರಳಿಗೆ ನಿಜವಾಗಿ ನೋವಾಯಿತು. ಅದನ್ನು ಅಡುಗೆಮನೆಯಿಂದ ಕೂಗಿ ಹೇಳಿದಳು. ತಾವು ಕಾಗದದಲ್ಲಿ ಕೊಡು ಎಂದಿರಿ. ಕೂಗಿ ಹೇಳಿದ್ದರಲ್ಲಿ ಅದು ಹದಿನಾರನೆಯ ಮನವಿ.

8. ಇನ್ನು ಮುಖ್ಯ ವಿಷಯಕ್ಕೆ ಬರುವುದಾದರೆ, ಕೋಣೆಯ ದಕ್ಷಿಣದ ತುದಿಯಲ್ಲಿ ಗಾಜಿನ ಹೆಂಚೂ ಮಣ್ಣಿನ ಹೆಂಚೂ ಕೂಡುವ ಕಡೆ ಸಣ್ಣ ಸಂದಿದೆ. ಹಸ್ತ, ಚಿತ್ತಾ ಮಳೆ ಅಲ್ಲಿ ತೊಟ್ಟಿಕ್ಕಿತು. ಮಳೆ ನಿಂತ ಮೇಲೆ ಚಳಿ ಬಂತು. ಕೋಣೆಯಲ್ಲಿ ಕಾವು ಇಲ್ಲದ ಕಾರಣ ಗಾಜಿನ ಹೆಂಚಿನ ಒಳಮೈ ಬೆಳಗಿನ ಜಾವ ಬೆವೆತು ಹನಿ ಕೆಳಗೆ ಬೀಳುತ್ತದೆ. ಕೌದಿ ಹತ್ತಿಯದಾದ್ದರಿಂದ ನೀರು ಹಿಡಿದುಕೊಳ್ಳುತ್ತದೆ. ಹೀಗೆ ನಾಲ್ಕು ತಿಂಗಳು ನಡೆದಿದೆ.

ಸದರಿ ಕೌದಿಯ ಆ ತುದಿಗೆ ಯಾರಾದರೂ ಸಂಜೆ ಹೊತ್ತು ತಂಬಿಗೆಯಲ್ಲಿ ನೀರು ಹಾಕುತ್ತಿದ್ದರೇ ಎಂಬ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿಲ್ಲ. ಕೇಳದ ಪ್ರಶ್ನೆಗೆ ಅರ್ಜಿಯಲ್ಲಿ ಉತ್ತರ ಬರೆಯುವ ಪದ್ಧತಿ ಇಲ್ಲವೆಂದು ಏಕಾಂತಯ್ಯ ಸಲಹೆ ಮಾಡಿದ್ದಾನೆ.

9. ಮೊನ್ನೆ ಶನಿವಾರ ಬೆಳಿಗ್ಗೆ ಅರ್ಜಿದಾರಳು ಕೌದಿಯ ತುದಿ ಎತ್ತಿ ನೋಡಲಾಗಿ, ದಕ್ಷಿಣದ ತುದಿಯ ಹದಿಮೂರು ಕಾಯಿಗಳು ಮೊಳೆತಿದ್ದವು. ಕೆಲವು ಒಂದು ಬೆರಳು, ಕೆಲವು ಗೇಣು. ಗಂಗಕ್ಕನನ್ನು ಗೋಡೆಯಾಚೆಯಿಂದ ಕರೆಸಿ ಸಾಕ್ಷಿಗಾಗಿ ತೋರಿಸಿದಳು. ಗಂಗಕ್ಕ ನೋಡಿ "ಅಯ್ಯೋ ನಿನ್ನ, ಬೆಂಚಿನ ಮೇಲೇ ತೋಟ ಮಾಡ್ಬುಟ್ರಲ್ಲೇ ನಿನ್ ಗಂಡ!" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆಕೆಯ ಹೆಬ್ಬೆಟ್ಟು ಲಗತ್ತಿನಲ್ಲಿದೆ.

10. ಈಗ ಕಾನೂನಿನ ಮಾತು. ಎತ್ತಿಟ್ಟ ಕಾಯಿಯನ್ನು ಹನ್ನೊಂದು ತಿಂಗಳು ಕದಲಿಸಬಾರದು ಎಂದು ಕಟ್ಟು ಮಾಡಿದ ಅದೇ ಸಿದ್ದಗಂಗಮ್ಮನವರು ಇನ್ನೊಂದು ಕಟ್ಟನ್ನೂ ಮಾಡಿದ್ದರು. ಮೊಳೆತ ಕಾಯಿಗೆ ಕತ್ತಿ ಹಾಕಬಾರದು. ಕಂಡ ಮೇಲೆ ಮಣ್ಣಿಗೆ ಇಡಬೇಕು. ಅದು ಕೊಬ್ಬರಿಯ ಲೆಕ್ಕದಿಂದ ಬಿಟ್ಟುಹೋಗಿ ಸಸಿಯ ಲೆಕ್ಕಕ್ಕೆ ಬಂದಂತೆ. 1946ರಲ್ಲಿ ಅರ್ಜಿದಾರಳು ಬಸುರಿಯಾಗಿದ್ದಾಗ, ಬಯಕೆಗೆ ಒಂದು ಮೊಳೆತ ಕಾಯಿ ಒಡೆದು ಒಳಗಿನ ಸಿಹಿ ಗಡ್ಡೆ ತಿಂದು ಸಿಕ್ಕಿಬಿದ್ದಳು. ಅತ್ತೆ ಒಂದು ವಾರ ಮಾತು ಬಿಟ್ಟಿದ್ದರು. ಆಗ ತಾವು ಅರ್ಜಿದಾರಳ ಪರವಾಗಿ ಒಂದು ಮಾತೂ ಆಡದೆ "ಅವ್ವ ಹೇಳಿದ್ಮೇಲೆ ಮುಗೀತು" ಎಂದಿದ್ದಿರಿ. ಆ ಮಾತು ಈಗಲೂ ಜಾರಿಯಲ್ಲಿದೆ ಎಂದು ಅರ್ಜಿದಾರಳು ಭಾವಿಸಿದ್ದಾಳೆ.

ಆದ್ದರಿಂದ ಸದರಿ ಹದಿಮೂರು ಕಾಯಿಗಳು ಬೆಂಚಿನ ಮೇಲೆ ಇರುವ ಹಕ್ಕನ್ನು ಕಳೆದುಕೊಂಡಿವೆ. ಅವು ಆಕ್ರಮಿಸಿದ್ದ ಜಾಗವನ್ನು ಅರ್ಜಿದಾರಳು ನೂಲಿನಿಂದ ಅಳೆದಿದ್ದಾಳೆ. ಎರಡೂವರೆ ಅಡಿ. ಅರ್ಜಿದಾರಳು ಕೂರಲು ಬೇಕಾದದ್ದು ಎರಡೂಕಾಲು. ಉಳಿದ ಕಾಲು ಅಡಿ ಎಲೆಡಕೆ ತಟ್ಟೆಗೆ.

11. ಇಷ್ಟೆಲ್ಲ ಬರೆಸುವ ಬದಲು ಹದಿಮೂರು ಕಾಯಿಯನ್ನು ತಾನೇ ಎತ್ತಿ ಹಿತ್ತಿಲಲ್ಲಿ ಇಡಬಹುದಿತ್ತಲ್ಲ ಎಂದು ಏಕಾಂತಯ್ಯ ಅರ್ಜಿದಾರಳನ್ನು ಕೇಳಿದ. ಬಸ್ಸಿನಲ್ಲಿ ಕುಲುಕಿಸಿಕೊಂಡು, ಈ ಮಂಡಿ ಇಟ್ಟುಕೊಂಡು ಹೊನ್ನವಳ್ಳಿಯಿಂದ ಇಲ್ಲಿಗೆ ಬರುವುದಕ್ಕಿಂತ ಅದು ಸುಲಭವಲ್ಲವೇ ಎಂಬುದು ಅವನ ವಾದ. ಅದಕ್ಕೆ ಅರ್ಜಿದಾರಳು ಕೊಟ್ಟ ಉತ್ತರ:

"ಎತ್ತಿಡಬೋದಿತ್ತು ಕಣಪ್ಪ. ಆದ್ರೆ ಅವರಿಗೆ ಒಂದ್ ಕಾಗದ ಬಂದು ಮೂರು ವರ್ಷದ ಮೇಲಾಯ್ತು. ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಷರಟು ಹಾಕ್ಕಂಡು ಆ ಜಗುಲಿ ಮೇಜಿನ ಮುಂದೆ ಕೂರ್ತಾರೆ. ಪೆನ್ನಿಗೆ ಶಾಯಿ ತುಂಬ್ಕತಾರೆ. ಪೋಸ್ಟ್‌ಮ್ಯಾನು ನಮ್ಮನೆ ದಾಟ್ಕಂಡು ಹೋಗೋವಾಗ ಎದ್ದು ನಿಂತ್ಕತಾರೆ. ನೋಡೋಕಾಗಲ್ಲ ಕಣಪ್ಪ. ಕಾಗದದಲ್ಲಿ ಕೊಡು ಅಂತ ಯಾಕಂತಾರೆ ಅಂದ್ಕಂಡೆ? ಒಂದ್ ಬರ್ಲಿ ಬುಡು."

ಹೇಳಿದ ಮೇಲೆ "ಅಯ್ಯೋ, ಇದನ್ನ ಬರೀಬ್ಯಾಡ" ಎಂದಳು. ಅಷ್ಟರಲ್ಲಿ ಬರೆದಾಗಿತ್ತು. ಹೊಡೆದುಹಾಕೋಣವೆಂದರೆ, ಹೊಡೆದು ತಿದ್ದಿದ ಅರ್ಜಿಯನ್ನು ತಾವು ವಾಪಸ್ಸು ಕಳಿಸುತ್ತೀರಿ. ಇನ್ನೊಂದು ಪ್ರತಿ ಬರೆಯೋಣವೆಂದರೆ ಹನ್ನೆರಡೂವರೆಯ ಬಸ್ಸಿಗೆ ಹೊತ್ತಾಗುತ್ತದೆ. ಕಾರಣ ಹಾಗೇ ಬಿಟ್ಟಿದೆ. ಈ ಹನ್ನೊಂದನೆಯ ಅಂಶವನ್ನು ತಾವು ಓದಿಲ್ಲವೆಂದು ತಿಳಿಯಬೇಕಾಗಿ ಅರ್ಜಿದಾರಳ ಕೋರಿಕೆ.

ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯಮಾಡಿ,

ಒಂದು, ಮೇಜು ಬಿಟ್ಟು ಎದ್ದು ಬಂದು, ಬಿಸಿಲು ಕೋಣೆಯ ಬೆಂಚನ್ನು ಖುದ್ದು ತನಿಖೆ ಮಾಡಬೇಕು. ಜಗುಲಿಯಿಂದ ಅಲ್ಲಿಗೆ ಇಪ್ಪತ್ತಾರು ಹೆಜ್ಜೆ.

ಎರಡು, ಮೊಳೆತ ಹದಿಮೂರು ಕಾಯಿಗಳನ್ನು ಈ ಅರ್ಜಿ ಕೈಸೇರಿದ ದಿನವೇ, ಹೊತ್ತು ಮುಳುಗುವ ಮುಂಚೆ, ಹಿತ್ತಿಲ ಬಚ್ಚಲ ನೀರು ಹರಿಯುವ ಕಡೆ ಮಣ್ಣಿಗೆ ಇಡಿಸಬೇಕು. ಗುಂಡಿ ತೋಡಿ ಆಗಿದೆ.

ಮೂರು, ಕಿಟಕಿಯ ಗೋಣಿಚೀಲಗಳಲ್ಲಿ ದಕ್ಷಿಣದ ಒಂದನ್ನು ಮಾತ್ರ ತೆಗೆಯಬೇಕು.

ನಾಲ್ಕು, ಸದರಿ ಬೆಂಚು ಇನ್ನು ಮುಂದೆ ಅಟ್ಟವಲ್ಲ, ಆಸನ ಎಂದು ತಮ್ಮ ಕೈಬರಹದಲ್ಲಿ ಒಂದು ಚೀಟಿ ಬರೆದು ಅಂಟಿಸಬೇಕು. ಕೆಂಚಯ್ಯನ ಕಣ್ಣಿಗೂ ಬೀಳುವ ಹಾಗೆ ದೊಡ್ಡ ಅಕ್ಷರದಲ್ಲಿ.

ಉಳಿದ ಇಪ್ಪತ್ತೊಂಬತ್ತು ಕಾಯಿಗಳನ್ನೂ ಬೆಂಚಿನ ಕೆಳಗಿನವನ್ನೂ ಕದಲಿಸಿರೆಂದು ಅರ್ಜಿದಾರಳು ಕೇಳುವುದಿಲ್ಲ. ಅತ್ತೆಯ ಮಾತು ಅತ್ತೆಯ ಮಾತೇ.

ಇಂತಿ,
ನಲವತ್ತೊಂದು ವರ್ಷದಿಂದ ತಮ್ಮ ವಿಶ್ವಾಸಿ, ಅದರಲ್ಲಿ ಕೊನೆಯ ನಾಲ್ಕು ತಿಂಗಳು ನಿಂತುಕೊಂಡು,
(ಸಹಿ) ಸುವರ್ಣಮ್ಮ

ಲಗತ್ತುಗಳು:
1. ಮೊಳೆತ ತೆಂಗಿನಕಾಯಿ, ಮಾದರಿಗಾಗಿ, ಒಂದು. ಮಗುವಿನ ಹಾಗೆ ನೆಟ್ಟಗೆ ಹಿಡಿಯಬೇಕು. ನೋಡಿದ ಮೇಲೆ ಕೂಡಲೇ ಗುಂಡಿಗೆ.
2. ಎರಡೂವರೆ ಅಡಿ ನೂಲು, ಎರಡೂ ತುದಿಗೆ ಗಂಟು ಹಾಕಿದ್ದು.
3. ಸಾಕ್ಷಿ ಗಂಗಕ್ಕನ ಹೆಬ್ಬೆಟ್ಟು. ನಗುತ್ತ ಒತ್ತಿದ್ದರಿಂದ ಸ್ವಲ್ಪ ಅಲುಗಿದೆ.
4. ಹಿತ್ತಾಳೆ ತಂಬಿಗೆ ಲಗತ್ತಿಸಿಲ್ಲ. ಸಂಜೆ ಕೆಲಸಕ್ಕೆ ಬೇಕಾಗಿದೆ.

ಬಿಕ್ಕಲಂ (ಅರ್ಜಿ ಬರೆದವನು): ಏಕಾಂತಯ್ಯ, ಹೊಂಗೆ ಮರ, ತಿಪಟೂರು. ಈ ಅರ್ಜಿಯಲ್ಲಿ ದೋಷವೇನಾದರೂ ಕಂಡರೆ ಅದು ಬರೆದವನದೇ ಹೊರತು ಬರೆಸಿದವಳದಲ್ಲ. ಆದರೂ ಅಂಚನ್ನು ಒಮ್ಮೆ ಅಳೆದು ನೋಡಬಹುದು.

ಷರಾ: ಅರ್ಜಿ ಮಡಿಚಿದ ಮೇಲೆ ಅರ್ಜಿದಾರಳು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಇದನ್ನು ಸೇರಿಸಲು ಹೇಳಿದಳು. ತಾನು ಕೂರುವ ಜಾಗಕ್ಕೆ ಒತ್ತಿಕೊಂಡಂತೆ ಇನ್ನು ಹನ್ನೆರಡು ಕಾಯಿಗಳಿವೆ. ಅವಕ್ಕೂ ಹನಿ ತಾಗುತ್ತಿದ್ದು, ಎರಡರ ಕಣ್ಣು ಆಗಲೇ ಉಬ್ಬಿದೆ. ಆ ಹನ್ನೆರಡೂ ಮೊಳೆಯುವವರೆಗೆ ಅವುಗಳ ಮೇಲಿನ ಕೌದಿಯನ್ನು ಯಾರೂ ತೆಗೆಯಕೂಡದು. ಮೊಳೆತು ಜಾಗ ತೆರವಾದ ದಿನ ಬೆಳಿಗ್ಗೆ, ತಾವು ಇಸ್ತ್ರಿ ಮಾಡಿದ ಷರಟಿನಲ್ಲೇ ಆಗಲಿ, ಬಂದು ಪಕ್ಕದಲ್ಲಿ ಕೂರಬೇಕು. ಈ ಒಂದು ಕೋರಿಕೆಗೆ ಮಾತ್ರ ಕಾಗದದಲ್ಲಿ ಉತ್ತರ ಬೇಡ.